ಹುಕ್ ಲೈಟ್‌ಹೌಸ್ ಒಂದೇ ಸಾಕಾ?

ಐರ್ಲೆಂಡಿನ ಫೆಥರ್ಡ್-ಆನ್-ಸೀ ಕಡೆ ಸಮುದ್ರದ ಪಕ್ಕ ಕಾಟೇಜ್ ಹಿಡಿದವರು ಹುಕ್ ಲೈಟ್‌ಹೌಸ್ ಒಂದನ್ನು ನೋಡಿದರೆ ಸಾಕು ಅಂತ ಬರೆದಿದ್ದೀರಿ. ನಾನಂತೂ ಒಪ್ಪಲ್ಲ! ಲೈಟ್‌ಹೌಸ್ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. 13ನೇ ಶತಮಾನದ ಗೋಪುರ, ಕಟ್ಟಿಸಿದ್ದು ಇಂಗ್ಲೆಂಡಿನ ಪ್ರಭು ವಿಲಿಯಂ ಮಾರ್ಷಲ್. ತನ್ನ ನ್ಯೂ ರಾಸ್ ಬಂದರಿಗೆ ಹಡಗುಗಳು ದಾರಿ ತಪ್ಪದೆ ಬರಲಿ ಅಂತ. ಶುರುವಿನಲ್ಲಿ ಬೆಂಕಿ ಉರಿಸುತ್ತಿದ್ದವರು ಪಕ್ಕದ ಮಠದ ಸನ್ಯಾಸಿಗಳು. 1996ರವರೆಗೂ ಅಲ್ಲಿ ಕಾವಲುಗಾರರು ಇದ್ದರು. 115 ಮೆಟ್ಟಿಲು, ಮಂಡಿನೋವು ಇದ್ದವರು ಸ್ವಲ್ಪ ಯೋಚಿಸಿ.

ಆದರೆ ಅದೇ ಮಾರ್ಷಲ್ ಕಟ್ಟಿಸಿದ ಟಿಂಟರ್ನ್ ಮಠವನ್ನು ಬಿಟ್ಟಿದ್ದೀರಲ್ಲ? ಬಿರುಗಾಳಿಗೆ ಸಿಕ್ಕಿದಾಗ, ಬದುಕಿ ದಡ ಸೇರಿದರೆ ಮಠ ಕಟ್ಟಿಸುತ್ತೇನೆ ಅಂತ ಹರಕೆ ಹೊತ್ತಿದ್ದನಂತೆ. ಆಮೇಲೆ ಅದು ಕೋಲ್‌ಕ್ಲೋ ಮನೆತನದ ಮನೆಯಾಯಿತು, 1959ರವರೆಗೂ ಅವರು ಅಲ್ಲೇ ಇದ್ದರು. ಚರ್ಚಿನೊಳಗೆ ಸಂಸಾರ, ಚಳಿಗಾಲ ಹೇಗೆ ಕಳೆದರೋ!

ಫೆಥರ್ಡ್‌ನಿಂದ ತೀರಾ ಹತ್ತಿರ ಬ್ಯಾಗಿನ್‌ಬನ್ ಇದೆ. 1170ರಲ್ಲಿ ನಾರ್ಮನ್ನರು (ಆಗ ಇಂಗ್ಲೆಂಡ್ ಆಳುತ್ತಿದ್ದವರು) ದಂಡೆತ್ತಿ ಬಂದಿಳಿದ ಜಾಗ. ಅವರು ಎಬ್ಬಿಸಿದ ಮಣ್ಣಿನ ದಿಬ್ಬ ಈಗಲೂ ಕಾಣುತ್ತದೆ. ಕೆಳಗಿನ ಬೀಚೂ ಚೆನ್ನಾಗಿದೆ, ಮಕ್ಕಳಿಗೆ ಇತಿಹಾಸ ಬೇಡವಾದರೆ ಅದಾದರೂ ಆಗುತ್ತದೆ.

ವಾಟರ್‌ಫೋರ್ಡ್‌ಗೆ ಹೋಗುವವರು ಸುಮ್ನೆ ರಸ್ತೆ ಸುತ್ತಬೇಡಿ. ಬ್ಯಾಲಿಹ್ಯಾಕ್‌ನಿಂದ ಪ್ಯಾಸೇಜ್ ಈಸ್ಟ್‌ಗೆ ಕಾರು ಸಾಗಿಸುವ ಫೆರಿ ಇದೆ. ಜಾಸ್ತಿ ಹೊತ್ತು ಹಿಡಿಯಲ್ಲ.