ಆಯಸ್ಸಿನ ತುದಿಗೊಂದು ಕ್ಯಾಪ್ಸೂಲು

ಪರಿಚಯದವರೊಬ್ಬರು ತಮ್ಮ ವಯಸ್ಸೆಷ್ಟು ಎಂದು ತಿಳಿದುಕೊಳ್ಳಲು ರಕ್ತ ಕೊಟ್ಟು ಬಂದರು. ಹುಟ್ಟಿದ ತಾರೀಕು ಮರೆತುಹೋಗಿತ್ತು ಅಂತಲ್ಲ. ಅದು ಬರೀ ಕ್ಯಾಲೆಂಡರಿನ ವಯಸ್ಸಂತೆ. ಅಸಲಿ ವಯಸ್ಸು ಟೆಲೋಮಿಯರ್‌ನಲ್ಲಿ ಬಚ್ಚಿಟ್ಟುಕೊಂಡಿದೆಯಂತೆ, ಅದನ್ನು ಹಿಡಿದು ಅಳೆದು ಕೊಡುವ ಕಂಪನಿಗಳು ಬಂದಿವೆಯಂತೆ. ಸ್ವಲ್ಪ ದಿನಕ್ಕೆ ವರದಿಯೂ ಬಂತು. ಮೊದಲ ಪುಟದಲ್ಲಿ ಬೆಳ್ಳಿಗೂದಲಿನ ದಂಪತಿ ಸಮುದ್ರದ ದಂಡೆಯಲ್ಲಿ ಬರಿಗಾಲಲ್ಲಿ ಓಡುತ್ತಿದ್ದಾರೆ, ಇಬ್ಬರಿಗೂ ಮೂವತ್ತೆರಡು ಹಲ್ಲೂ ಇವೆ. ಎರಡನೇ ಪುಟದಲ್ಲಿ ಅರ್ಧಚಂದ್ರದ ಆಕಾರದ ಮೀಟರು: ಎಡಕ್ಕೆ ಹಸಿರು, ನಡುವೆ ಹಳದಿ, ಬಲಕ್ಕೆ ಕೆಂಪು. ಮುಳ್ಳು ಕೆಂಪಿನ ಹೊಸ್ತಿಲಲ್ಲಿ ನಿಂತಿದೆ. ಕೆಳಗೆ ದಪ್ಪಕ್ಷರದಲ್ಲಿ, ನಿಮ್ಮ ವಯಸ್ಸು 52, ನಿಮ್ಮ ಟೆಲೋಮಿಯರ್ ವಯಸ್ಸು 61. ಕೊನೆಯ ಪುಟದಲ್ಲಿ ಪರಿಹಾರ, ಅದೇ ಕಂಪನಿಯ ಕ್ಯಾಪ್ಸೂಲು. ಕೂತಲ್ಲೇ ಒಂಬತ್ತು ವರ್ಷ ಮುದುಕರಾಗಬೇಕಾದರೆ ಹಿಂದೆಲ್ಲ ಯಾವುದಾದರೂ ಮಹರ್ಷಿಯನ್ನು ಕೆಣಕಬೇಕಿತ್ತು. ಈಗ ಫಾರ್ಮ್ ತುಂಬಿದರೆ ಸಾಕು.

ಟೆಲೋಮಿಯರ್ ಎಂದರೇನು ಎಂದು ಬಿಡಿಸಿ ಹೇಳುವ ಅಗತ್ಯವಿಲ್ಲ. ಶೂ ಲೇಸಿನ ತುದಿಗೆ ಪ್ಲಾಸ್ಟಿಕ್ ಹಾಕಿರುತ್ತಾರಲ್ಲ, ಅದರಂತೆ ಕೋಶದೊಳಗೆ ಡಿಎನ್‌ಎ ಹೊತ್ತ ವರ್ಣತಂತುವಿನ ತುದಿ ಬಿಚ್ಚಿಹೋಗದ ಹಾಗೆ ಕಾಯುವ ಭಾಗ. ಈ ಶೂ ಲೇಸಿಲ್ಲದೆ ಟೆಲೋಮಿಯರ್ ಬಗ್ಗೆ ಲೇಖನ ಬರೆಯುವುದು ಕಾನೂನುಬಾಹಿರವಿರಬೇಕು, ನಾನೂ ದಂಡ ಕಟ್ಟಿದ್ದಾಯಿತು, ಮುಂದೆ ಹೋಗೋಣ. ಒಂದು ಕೋಶದಲ್ಲಿ 46 ವರ್ಣತಂತು, ಅಂದರೆ 92 ತುದಿ. ಪ್ರತಿ ತುದಿಯಲ್ಲೂ ಡಿಎನ್‌ಎಯ ಲಿಪಿಯಲ್ಲಿ ಟಿಟಿಎಜಿಜಿಜಿ, ಟಿಟಿಎಜಿಜಿಜಿ ಎಂದು ಒಂದೇ ಆರಕ್ಷರದ ಜಪ, ಸಾವಿರಕ್ಕೂ ಹೆಚ್ಚು ಸಲ. ಡಿಎನ್‌ಎ ನಕಲು ಮಾಡುವ ಕಿಣ್ವಕ್ಕೆ ಕಟ್ಟಕಡೆಯ ತುಣುಕನ್ನು ನಕಲಿಸಲು ಬರುವುದಿಲ್ಲ. ಹಾಗಾಗಿ ಕೋಶ ಒಡೆದು ಎರಡಾದಾಗಲೆಲ್ಲ 50ರಿಂದ 100 ಅಕ್ಷರ ಕೈಬಿಟ್ಟುಹೋಗುತ್ತವೆ. ಸವೆದು ಸವೆದು ಮೋಟಾದ ಮೇಲೆ ಕೋಶ ಇನ್ನು ನನ್ನ ಕೈಲಾಗದು ಎಂದು ಒಡೆಯುವುದನ್ನು ನಿಲ್ಲಿಸುತ್ತದೆ. ಸವೆದದ್ದನ್ನು ಮತ್ತೆ ಕಟ್ಟಿಕೊಡುವ ಕಿಣ್ವವೂ ಇದೆ, ಟೆಲೋಮರೇಸ್. ವೀರ್ಯ ಮತ್ತು ಅಂಡದ ಮೂಲಕೋಶಗಳಲ್ಲಿ ಅದು ಜೋರಾಗಿರುತ್ತದೆ, ಕೆಲವು ಕಾಂಡಕೋಶಗಳಲ್ಲಿ ಅಷ್ಟಿಷ್ಟು. ಮೈಯ ಉಳಿದ ಬಹುಪಾಲು ಕೋಶಗಳಲ್ಲಿ ಪ್ರಕೃತಿ ಅದರ ಬಾಯಿ ಮುಚ್ಚಿಸಿ ಕೂರಿಸಿದೆ.

ಯಾಕೆ ಮುಚ್ಚಿಸಿದೆ ಎಂಬ ಪ್ರಶ್ನೆ ಮಾರುವವರಿಗೆ ಬರುವುದಿಲ್ಲ. ಅವರ ಲೆಕ್ಕ ಸರಳ. ತುದಿ ಗಿಡ್ಡವಾದರೆ ಮುಪ್ಪು, ಉದ್ದವಾದರೆ ಯೌವನ, ಉದ್ದ ಮಾಡಿಸಿಕೊಳ್ಳಿ, ಕ್ರೆಡಿಟ್ ಕಾರ್ಡ್ ನಡೆಯುತ್ತದೆ.

ಈ ಲೆಕ್ಕವನ್ನು ಪ್ರಯೋಗಾಲಯದ ಇಲಿಗೆ ಯಾರಾದರೂ ಓದಿ ಹೇಳಬೇಕು. ಅದರ ಟೆಲೋಮಿಯರ್ ನಮ್ಮದಕ್ಕಿಂತ ಹಲವು ಪಟ್ಟು ಉದ್ದ. ಟೆಲೋಮರೇಸ್ ಕೂಡ ಮೈಯ ಅನೇಕ ಕಡೆ ಚಾಲೂ ಇರುತ್ತದೆ. ಮೀಟರಿಗೆ ಹಾಕಿದರೆ ಮುಳ್ಳು ಹಸಿರನ್ನೂ ದಾಟಿ ಕಾಗದದಿಂದ ಹೊರಗೆ ಹೋಗುತ್ತದೆ, ಟೆಲೋಮಿಯರ್ ವಯಸ್ಸು: ಇನ್ನೂ ಹುಟ್ಟಿಲ್ಲ. ಇಷ್ಟೆಲ್ಲ ಐಶ್ವರ್ಯ ಇಟ್ಟುಕೊಂಡು ಇಲಿ ಬದುಕುವುದು ಎರಡು ಮೂರು ವರ್ಷ. ಪ್ರಯೋಗಾಲಯದ ಎಷ್ಟೋ ತಳಿಗಳು ಸಾಯುವುದು ಕ್ಯಾನ್ಸರ್‌ನಿಂದಲೇ.

ಅಥವಾ ಸ್ಕಾಟ್ ಕೆಲ್ಲಿಯನ್ನು ಕೇಳಿ. 2015-16ರಲ್ಲಿ 340 ದಿನ ಅಂತರಿಕ್ಷ ನಿಲ್ದಾಣದಲ್ಲಿ ಇದ್ದು ಬಂದ ಗಗನಯಾತ್ರಿ, ಅವಳಿ ಸಹೋದರ ಮಾರ್ಕ್ ಕೆಳಗೇ ಉಳಿದಿದ್ದರು. ಮೇಲಿದ್ದಾಗ ಸ್ಕಾಟ್ ಅವರ ಬಿಳಿ ರಕ್ತಕಣಗಳಲ್ಲಿ ಟೆಲೋಮಿಯರ್ ಸರಾಸರಿ ಉದ್ದವಾಯಿತು. ಇಳಿದು ಎರಡು ದಿನ ಕಳೆಯುವುದರೊಳಗೆ ಮತ್ತೆ ಕುಗ್ಗಿತು. ಅಂದರೆ ವಿಕಿರಣದ ನಡುವೆ, ತೂಕವಿಲ್ಲದೆ, ಎಲುಬು ಸವೆಸಿಕೊಂಡು ಡಬ್ಬಿಯೊಳಗೆ ತೇಲುತ್ತಿದ್ದಾಗ ಯುವಕ, ಮನೆಯವರ ಮುಖ ನೋಡಿದ ಮೇಲೆ ಮುದುಕ. 2019ರಲ್ಲಿ ಇದು ಪ್ರಕಟವಾದಾಗ ನಾಸಾ ಯೌವನದ ಟೂರ್ ಪ್ಯಾಕೇಜ್ ಘೋಷಿಸಲಿಲ್ಲವಲ್ಲ, ಅದಕ್ಕೆ ಬಿಡುವಿರಲಿಲ್ಲವೇನೋ.

ಆ ಕೊರತೆಯನ್ನು 2020ರಲ್ಲಿ ಆಮ್ಲಜನಕದ ಕೋಣೆ ನೀಗಿಸಿತು. ಇಸ್ರೇಲಿನಲ್ಲಿ 64 ದಾಟಿದ 35 ಜನರನ್ನು ಒತ್ತಡದ ಆಮ್ಲಜನಕದ ಕೋಣೆಯಲ್ಲಿ 60 ಸಲ ಕೂರಿಸಿದರು. ರಕ್ತದ ಕೆಲವು ಪ್ರತಿರೋಧಕ ಕೋಶಗಳಲ್ಲಿ ಟೆಲೋಮಿಯರ್ ಉದ್ದವಾದದ್ದು ಕಂಡಿತು. ಹೋಲಿಸಿ ನೋಡಲು ಕೋಣೆಗೆ ಹೋಗದವರ ಗುಂಪು ಇರಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಸುದ್ದಿಮನೆಗಳಿಗೆ ಗುಂಪು ಯಾತಕ್ಕೆ? ‘ಮುಪ್ಪನ್ನು ಹಿಂದಕ್ಕೆ ತಿರುಗಿಸಿದ ವಿಜ್ಞಾನಿಗಳು’ ಎಂದು ಜಗತ್ತಿನ ಉದ್ದಗಲಕ್ಕೂ ಶೀರ್ಷಿಕೆ ಬಂತು. ಆ ಅಜ್ಜ ಅಜ್ಜಿಯರ ಮಂಡಿಗೆ ಈ ಶುಭಸಮಾಚಾರ ತಲುಪಿತೋ ಇಲ್ಲವೋ, ಯಾರೂ ಬರೆಯಲಿಲ್ಲ.

ಕ್ಯಾಪ್ಸೂಲಿನ ಡಬ್ಬಿಯ ಮೇಲೆ ‘ನೊಬೆಲ್ ಪುರಸ್ಕೃತ ವಿಜ್ಞಾನ’ ಎಂದು ಅಚ್ಚಾಗಿರುತ್ತದೆ. ಸುಳ್ಳೇನಲ್ಲ. 2009ರ ನೊಬೆಲ್ ಎಲಿಜಬೆತ್ ಬ್ಲ್ಯಾಕ್‌ಬರ್ನ್, ಕ್ಯಾರಲ್ ಗ್ರೈಡರ್, ಜ್ಯಾಕ್ ಶೋಸ್ಟಾಕ್ ಮೂವರಿಗೆ ಬಂದದ್ದು ಇದೇ ವಿಷಯಕ್ಕೆ. ಟೆಲೋಮರೇಸ್ ಕೈಗೆ ಸಿಕ್ಕಿದ್ದು ಟೆಟ್ರಾಹೈಮಿನಾ ಎಂಬ ಕೊಳದ ನೀರಿನ ಏಕಕೋಶ ಜೀವಿಯಲ್ಲಿ, 1984ರ ಕ್ರಿಸ್ಮಸ್ ದಿನ. ಆಗಿನ್ನೂ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದ ಗ್ರೈಡರ್ ರಜೆಯ ದಿನವೂ ಪ್ರಯೋಗಾಲಯಕ್ಕೆ ಹೋಗಿ ಪ್ರಯೋಗದ ಫಲಿತಾಂಶ ಮೂಡಿದ ಫಿಲ್ಮ್ ತೊಳೆದು ನೋಡಿದರು. ಸ್ಟಾಕ್‌ಹೋಮ್‌ನಿಂದ ಫೋನ್ ಬಂದಾಗ ಮನೆಯಲ್ಲಿ ಬಟ್ಟೆ ಮಡಚುತ್ತಿದ್ದರಂತೆ. ಮಾರುವವರನ್ನು ನೋಡಿದರೆ ಇವರೇ ಕಂಡುಹಿಡಿದವರೇನೋ ಅನ್ನಿಸಬೇಕು, ಹಾಗಿರುತ್ತದೆ ವೇದಿಕೆ, ಬೆಳಕು, ಕುತ್ತಿಗೆ ಮೈಕು. ವಿಜ್ಞಾನಿಗಳೆಲ್ಲ ಸಾಚಾ, ಕೆಟ್ಟದ್ದು ವ್ಯಾಪಾರ ಮಾತ್ರ ಎನ್ನುತ್ತಿಲ್ಲ. ಬ್ಲ್ಯಾಕ್‌ಬರ್ನ್ ಸ್ವತಃ ಒಮ್ಮೆ ಟೆಲೋಮಿಯರ್ ಅಳೆಯುವ ಕಂಪನಿಯ ಸಹಸ್ಥಾಪಕಿಯಾಗಿದ್ದರು. ಅವರದೇ ಶಿಷ್ಯೆ ಗ್ರೈಡರ್ ಇಂಥ ಪರೀಕ್ಷೆಗಳ ಬಗ್ಗೆ ಬಹಿರಂಗವಾಗಿಯೇ ಅನುಮಾನ ಎತ್ತಿದರು.

ನೊಬೆಲ್ ಹೆಸರಿನಲ್ಲಿ ಅಮರತ್ವ ಮಾರುವುದೇನೂ ಹೊಸ ದಂಧೆಯಲ್ಲ. ಅಲೆಕ್ಸಿಸ್ ಕ್ಯಾರೆಲ್ ಕಥೆ ನನಗೆ ಬಲು ಇಷ್ಟ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿದ್ದ ಫ್ರೆಂಚ್ ಶಸ್ತ್ರವೈದ್ಯ, ರಕ್ತನಾಳ ಹೊಲಿಯುವುದರಲ್ಲಿ ಅಸಾಧ್ಯ ಕೈ. ಅದಕ್ಕೆ 1912ರ ನೊಬೆಲ್ ಬಂತು, ನ್ಯಾಯವಾಗಿಯೇ ಬಂತು. ಅದೇ ವರ್ಷ ಆತ ಕೋಳಿಭ್ರೂಣದ ಹೃದಯದ ಚೂರೊಂದನ್ನು ಗಾಜಿನ ಪಾತ್ರೆಯಲ್ಲಿಟ್ಟು ಬೆಳೆಸಲು ಕೂತ. ಪ್ರಯೋಗಾಲಯದಲ್ಲಿ ಎಲ್ಲರಿಗೂ ಕಪ್ಪು ನಿಲುವಂಗಿ, ಕಪ್ಪು ಟೋಪಿ. ಕೋಶಗಳು ಬೆಳೆದವು, ಬೆಳೆಯುತ್ತಲೇ ಹೋದವು. ಕೋಳಿಯ ಆಯಸ್ಸು ಮೀರಿತು, ಪತ್ರಿಕೆಗಳು ಆ ಚೂರಿನ ಹುಟ್ಟುಹಬ್ಬವನ್ನು ನೆನಪಿಟ್ಟು ಬರೆದವು. 1944ರಲ್ಲಿ ಕ್ಯಾರೆಲ್ಲೇ ಹೋದ. ಚೂರು ಹೋಗಲಿಲ್ಲ. 1946ರಲ್ಲಿ ಸಾಕುವುದನ್ನು ನಿಲ್ಲಿಸಿದರು, 34 ವರ್ಷ. ಕೋಶಕ್ಕೆ ಸಾವಿಲ್ಲ ಎಂಬುದು ಶಾಸ್ತ್ರವಾಯಿತು. ಬೇರೆಯವರ ಪಾತ್ರೆಯಲ್ಲಿ ಕೋಶಗಳು ಸತ್ತರೆ ತಮ್ಮ ಕೈಗುಣವೇ ಸರಿಯಿಲ್ಲ ಎಂದುಕೊಂಡು ಬಾಯಿ ಮುಚ್ಚಿಕೊಂಡಿದ್ದರು.

1961ರಲ್ಲಿ ಫಿಲಡೆಲ್ಫಿಯಾದ ಲೆನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್, ಮನುಷ್ಯರ ಸಾಮಾನ್ಯ ಕೋಶಗಳು ಸುಮಾರು 50 ಸಲ ಒಡೆದು ನಿಲ್ಲುತ್ತವೆ ಎಂದು ತೋರಿಸಿದರು. ಅದನ್ನು ಮೊದಲು ಕಳಿಸಿದ ಪತ್ರಿಕೆಯ ಸಂಪಾದಕ ಪೇಟನ್ ರೌಸ್ ಲೇಖನವನ್ನು ವಾಪಸ್ ಕಳಿಸಿದರು: ಸರಿಯಾದ ಪೋಷಣೆ ಕೊಟ್ಟರೆ ಕೋಶ ಎಂದೆಂದಿಗೂ ಬೆಳೆಯುತ್ತದೆ ಎಂಬುದೇ ಐವತ್ತು ವರ್ಷದಲ್ಲಿ ಈ ಕ್ಷೇತ್ರ ಕಂಡ ದೊಡ್ಡ ಸತ್ಯ ಎಂಬ ಅರ್ಥದ ಉತ್ತರ. ರೌಸ್ ಕೂಡ ರಾಕ್‌ಫೆಲರ್‌ನವರೇ. ಕ್ಯಾರೆಲ್‌ನ ಪಾತ್ರೆಗೆ ಸುರಿಯುತ್ತಿದ್ದ ಭ್ರೂಣದ ರಸದ ಜೊತೆ ಪ್ರತಿ ಸಲವೂ ಹೊಸ ಕೋಶಗಳು ಸೇರುತ್ತಿದ್ದವು ಎಂಬುದು ಆಮೇಲೆ ಬಂದ ವಿವರಣೆ. ಯಾರಿಗೂ ತಿಳಿಯದೆ ಸೇರಿದವೋ, ತಿಳಿದೂ ಸೇರಿಸಿದರೋ ಬಿಡಿ. ಕೋಶ ಹಾಗೆ ನಿಲ್ಲುವುದು ತುದಿ ಸವೆಯುವುದರಿಂದ ಎಂದು ಮೊದಲು ಊಹಿಸಿದ್ದು ರಷ್ಯಾದ ಅಲೆಕ್ಸಿ ಒಲೊವ್ನಿಕೊವ್, ಮಾಸ್ಕೋದ ಮೆಟ್ರೋ ನಿಲ್ದಾಣದಲ್ಲಿ ನಿಂತು ಯೋಚಿಸುತ್ತಿದ್ದಾಗ. 1971ರಲ್ಲಿ ರಷ್ಯನ್‌ನಲ್ಲಿ ಬರೆದರು. 2009ರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಅವರ ಹೆಸರಿನಲ್ಲಿ ಕ್ಯಾಪ್ಸೂಲೂ ಇಲ್ಲ ಎಂಬುದೊಂದೇ ಸಮಾಧಾನ.

ಮಾತು ಎಲ್ಲಿಗೋ ಹೋಯಿತು. ಟೆಲೋಮರೇಸಿನ ಬಾಯಿ ಯಾಕೆ ಮುಚ್ಚಿಸಲಾಗಿದೆ ಎಂಬಲ್ಲಿದ್ದೆವು.

ಯಾಕೆಂದರೆ ಟೆಲೋಮರೇಸ್ ಚಾಲೂ ಮಾಡಿಕೊಂಡು, ಮುಪ್ಪು ಮೀರಿ, ಮಿತಿಯಿಲ್ಲದೆ ಬೆಳೆಯುವ ಕೋಶ ನಮಗೆ ಈಗಾಗಲೇ ಗೊತ್ತಿದೆ. ಅದರ ಹೆಸರು ಕ್ಯಾನ್ಸರ್. ಮನುಷ್ಯರ ಗೆಡ್ಡೆಗಳಲ್ಲಿ ಶೇ. 85ರಿಂದ 90ರಷ್ಟರಲ್ಲಿ ಟೆಲೋಮರೇಸ್ ಮತ್ತೆ ಚಾಲೂ ಆಗಿರುತ್ತದೆ. ಉಳಿದವುಗಳಲ್ಲಿ ಹೆಚ್ಚಿನವು ಅದಿಲ್ಲದೆಯೇ ಇನ್ನೊಂದು ವರ್ಣತಂತುವಿನ ತುದಿ ನೋಡಿ ತಮ್ಮದನ್ನು ಉದ್ದ ಮಾಡಿಕೊಳ್ಳುತ್ತವೆ. ತುದಿ ಸವೆದು ಕೋಶ ನಿಲ್ಲುವುದು ಗೆಡ್ಡೆಯಾಗಲು ಹೊರಟ ಕೋಶಕ್ಕೆ ಹಾಕಿದ ತಡೆಯೂ ಹೌದು. ತುದಿ ಸವೆದೂ ನಿಲ್ಲಲೊಪ್ಪದ ಕೋಶದಲ್ಲಿ ವರ್ಣತಂತುಗಳು ಒಂದಕ್ಕೊಂದು ಅಂಟಿ, ಹರಿದು, ಅಲ್ಲೂ ಕ್ಯಾನ್ಸರ್‌ಗೆ ದಾರಿಯಾಗುವುದುಂಟು. ಎರಡು ಕಡೆಯೂ ಪ್ರಪಾತ, ನಡುವೆ ಕಾಲುದಾರಿ. ಮಾರಾಟ ವಿಭಾಗದ ಮೀಟರಿನಲ್ಲಿ ಪ್ರಪಾತ ಒಂದೇ ಕಡೆ.

ಹಸಿರಿನ ಕಡೆ ಏನಿದೆ ಎಂದು ನೋಡಿದವರೂ ಇದ್ದಾರೆ. ಪಿಒಟಿ1 ಎಂಬ ಜೀನು ಕೆಟ್ಟು ಹುಟ್ಟಿನಿಂದಲೇ ಉದ್ದ ಟೆಲೋಮಿಯರ್ ಪಡೆದ ಕುಟುಂಬಗಳ ಬಗ್ಗೆ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 2023ರಲ್ಲಿ ಬರೆದರು. ಕೆಲವರಿಗೆ ಎಪ್ಪತ್ತಾದರೂ ತಲೆ ನರೆತಿರಲಿಲ್ಲ. ಜಾಹೀರಾತಿಗೆ ಹೇಳಿ ಮಾಡಿಸಿದ ಮುಖಗಳು. ಜೊತೆಗೆ ಥೈರಾಯ್ಡ್ ಗೆಡ್ಡೆ, ಮೆಲನೋಮ ಎಂಬ ಚರ್ಮದ ಕ್ಯಾನ್ಸರು, ರಕ್ತದ ಕ್ಯಾನ್ಸರು, ಅದರ ಮುನ್ಸೂಚನೆಗಳು. ಸಮುದ್ರದ ದಂಡೆಯ ಆ ಫೋಟೋಗೆ ಇವರನ್ನು ಯಾರೂ ಕರೆಯಲಿಲ್ಲ.

ಅಂದಮೇಲೆ ಕ್ಯಾಪ್ಸೂಲು ಕೊಂಡವರ ಸ್ಥಿತಿ ನೋಡಿ. ಅದು ಕೆಲಸ ಮಾಡದಿದ್ದರೆ ದುಡ್ಡು ಹೋಯಿತು. ಮಾಡಿದರೆ, ಯಾವ ಕೋಶದ ಬಾಯಿ ತೆರೆಸಿತು ಎಂದು ಕಾದು ನೋಡಬೇಕು. ಕೊಂಡ ಔಷಧಿ ಖೋಟಾ ಆಗಿರಲಿ ದೇವರೇ ಎಂದು ಹರಕೆ ಹೊರಬೇಕಾದ ಗ್ರಾಹಕ ಇವನೊಬ್ಬನೇ ಇರಬೇಕು. ಹರಕೆ ಫಲಿಸುವ ಸಾಧ್ಯತೆ ದಂಡಿಯಾಗಿದೆ, ಹೆದರಬೇಡಿ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲಿ ಇಂಥದ್ದೊಂದು ಕಂಪನಿಯ ಮೇಲೆ, ಹೇಳಿಕೊಂಡದ್ದಕ್ಕೆ ಆಧಾರವಿಲ್ಲ ಎಂದು ಕ್ರಮ ಕೈಗೊಂಡಿತು. ಅದಕ್ಕೂ ಮೊದಲು, 2015ರಲ್ಲಿ, ಅಮೆರಿಕದ ಬಯೋಟೆಕ್ ಕಂಪನಿಯೊಂದರ ಮುಖ್ಯಸ್ಥೆ ಕೊಲಂಬಿಯಾಗೆ ಹೋಗಿ ಟೆಲೋಮರೇಸ್ ಜೀನನ್ನೇ ಚುಚ್ಚಿಸಿಕೊಂಡು ಬಂದರು. ಬಿಳಿ ರಕ್ತಕಣದ ಟೆಲೋಮಿಯರ್ 6,710 ಅಕ್ಷರದಿಂದ 7,330ಕ್ಕೆ ಏರಿತು, ಇಪ್ಪತ್ತು ವರ್ಷ ಚಿಕ್ಕವರಾದರು ಎಂದು ಕಂಪನಿ ಸಾರಿತು. ಅಳತೆಯ ಮಾಮೂಲಿ ಏರುಪೇರೇ ಅಷ್ಟಿರುತ್ತದೆ ಎಂದರು ಬಲ್ಲವರು. ಇಪ್ಪತ್ತು ವರ್ಷ ಬಂದದ್ದೂ ಹೋದದ್ದೂ ಪತ್ರಿಕಾ ಪ್ರಕಟಣೆಯಲ್ಲೇ.

ಅಳತೆಯ ಮಾತು ಬಂತಲ್ಲ. ಪರೀಕ್ಷೆಯಲ್ಲಿ ಸಿಗುವುದು ರಕ್ತಕಣಗಳ ಸರಾಸರಿ. ಕೋಶ ನಿಲ್ಲುವುದು ಸರಾಸರಿ ನೋಡಿ ಅಲ್ಲ, 92ರಲ್ಲಿ ಅತಿ ಮೋಟಾದ ಕೆಲವೇ ತುದಿಗಳಿಂದ. ಒಂದೇ ವಯಸ್ಸಿನ ಇಬ್ಬರು ಆರೋಗ್ಯವಂತರ ನಡುವೆ ಸಾವಿರಾರು ಅಕ್ಷರದ ವ್ಯತ್ಯಾಸ ಇರುವುದು ಸಹಜ. ಆದರೂ ವರದಿಯಲ್ಲಿ 61 ಎಂದಿದೆ. ‘ಸುಮಾರು’ ಎಂಬ ಪದ ಕೂಡ ಇಲ್ಲ.

ಇಲ್ಲಿಯವರೆಗೆ ನಗುವುದು ಸಾಧ್ಯ. ಈ ಪರೀಕ್ಷೆ ನಿಜಕ್ಕೂ ಬೇಕಾದವರಿದ್ದಾರೆ. ಟೆಲೋಮಿಯರ್ ಅತಿ ಗಿಡ್ಡವಾಗಿ ಹುಟ್ಟಿ, ಮಜ್ಜೆಯಲ್ಲಿ ರಕ್ತವೇ ತಯಾರಾಗದ ಮಕ್ಕಳು. ಶ್ವಾಸಕೋಶ ಗಟ್ಟಿಯಾಗಿ ಮೂರು ಮೆಟ್ಟಿಲು ಹತ್ತಲಾಗದವರು. ಮಜ್ಜೆ ಕಸಿಗೆ ಮೊದಲು ಆ ಉದ್ದ ಗೊತ್ತಿದ್ದರೆ ವೈದ್ಯರು ಔಷಧಿಯ ಪ್ರಮಾಣ ಬದಲಿಸುತ್ತಾರೆ, ದಾನಿಯಾಗಲು ಬಂದ ಅಣ್ಣತಮ್ಮಂದಿರಲ್ಲೂ ಅದೇ ದೋಷವಿದೆಯೇ ಎಂದು ನೋಡುತ್ತಾರೆ. ಅವರ ಕಾಯಿಲೆಯಿಂದ ಕಲಿತದ್ದನ್ನು ಎತ್ತಿಕೊಂಡು ಬಂದು ಗಟ್ಟಿಮುಟ್ಟಾಗಿರುವವರನ್ನು ಹೆದರಿಸಲು ಬಳಸುತ್ತಿದ್ದಾರೆ. ಕೀಮೋ ಮುಗಿಸಿ ಇನ್ನೂ ಕೂದಲು ಪೂರ್ತಿ ಬಾರದವರ ಫೋನಿಗೂ ‘ಟೆಲೋಮರೇಸ್ ಚುರುಕುಗೊಳಿಸಿ’ ಎಂಬ ಜಾಹೀರಾತು ಹೋಗುತ್ತದೆ. ಯಾವ ಕಿಣ್ವದ ಬಲದಿಂದ ಅವರಲ್ಲಿ ಹೆಚ್ಚಿನವರ ಗೆಡ್ಡೆ ಬೆಳೆದಿತ್ತೋ ಅದನ್ನೇ ಚುರುಕುಗೊಳಿಸಿ ಎಂದು. ಕಳಿಸುವವರಿಗೆ ಇದು ಗೊತ್ತಿಲ್ಲವೇ? ಗೊತ್ತಿದೆ. ಡಬ್ಬಿಯ ಮೇಲೆ ನೊಬೆಲ್ ಎಂದು ಅಚ್ಚು ಹಾಕಿಸುವಷ್ಟು ಓದಿಕೊಂಡವರಿಗೆ ಮುಂದಿನ ಪುಟ ಕಾಣಲಿಲ್ಲವೆಂದು ನಾನು ನಂಬುವುದಿಲ್ಲ. ಹೆನ್ರಿಯೆಟಾ ಲ್ಯಾಕ್ಸ್ 1951ರಲ್ಲಿ ಗರ್ಭಕಂಠದ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಬರೀ 31 ವರ್ಷ. ಕೇಳದೆ ತೆಗೆದುಕೊಂಡ ಅವರ ಗೆಡ್ಡೆಯ ಕೋಶಗಳು ಇವತ್ತಿಗೂ ಪ್ರಯೋಗಾಲಯಗಳಲ್ಲಿ ಒಡೆಯುತ್ತಿವೆ. ಮನುಷ್ಯರ ಕೋಶದಲ್ಲಿ ಟೆಲೋಮರೇಸ್ ಮೊದಲು ಕಂಡದ್ದು ಅವುಗಳಲ್ಲೇ, 1989ರಲ್ಲಿ. ಅಮರತ್ವ ಬೇಕೆಂದರೆ ಅದು ಹೀಗಿರುತ್ತದೆ.

ಇತ್ತ ಅಮೆರಿಕದ ಔಷಧ ನಿಯಂತ್ರಕರು 2024ರ ಜೂನ್‌ನಲ್ಲಿ ಇಮೆಟೆಲ್‌ಸ್ಟಾಟ್ ಎಂಬ ಔಷಧಿಗೆ ಒಪ್ಪಿಗೆ ಕೊಟ್ಟರು. ಮಜ್ಜೆಯ ಒಂದು ಬಗೆಯ ಕಾಯಿಲೆಯಿಂದ ಪದೇ ಪದೇ ರಕ್ತ ಹಾಕಿಸಿಕೊಳ್ಳಬೇಕಾದವರಿಗೆ. ಅದರ ಕೆಲಸ ಟೆಲೋಮರೇಸನ್ನು ತಡೆಯುವುದು. ಆಸ್ಪತ್ರೆಯಲ್ಲಿ ಅದನ್ನು ಮುಚ್ಚಲು ರಕ್ತನಾಳಕ್ಕೆ ಡ್ರಿಪ್, ಮನೆಯಲ್ಲಿ ಅದನ್ನು ತೆರೆಯಲು ಊಟದ ನಂತರ ಎರಡು ಕ್ಯಾಪ್ಸೂಲು. ಡ್ರಿಪ್ಪಿನ ಹಿಂದೆ ವರ್ಷಗಟ್ಟಲೆ ರೋಗಿಗಳ ಮೇಲಿನ ಪರೀಕ್ಷೆ, ಅಡ್ಡಪರಿಣಾಮಗಳ ಉದ್ದ ಪಟ್ಟಿ. ಕ್ಯಾಪ್ಸೂಲಿನ ಹಿಂದೆ ಒಂದು ಸಾಲು, ಡಬ್ಬಿಯ ತಳದಲ್ಲಿ, ಬಾರ್‌ಕೋಡಿನ ಪಕ್ಕ: ಈ ಉತ್ಪನ್ನ ಯಾವುದೇ ರೋಗವನ್ನು ಪತ್ತೆ ಮಾಡಲು, ತಡೆಯಲು, ಗುಣಪಡಿಸಲು ಉದ್ದೇಶಿಸಿದ್ದಲ್ಲ. ಇಡೀ ಡಬ್ಬಿಯಲ್ಲಿ ನಂಬಬಹುದಾದ ವಾಕ್ಯ ಅದೊಂದೇ. ಓದಬೇಕಾದರೆ ಚಾಳೀಸು ಬೇಕು, ಮಾರುತ್ತಿರುವುದು ಚಾಳೀಸು ಬಂದವರಿಗೇ.