ಬ್ಲ್ಯಾಕ್ ಸ್ಪಾಟ್ ಪ್ರತಿಷ್ಠಾಪನಾ ವಿಧಿ

ಬೆಂಗಳೂರಿನಲ್ಲಿ ಬಡಾವಣೆ ಅಂತ ಒಂದು ಎದ್ದ ಮೇಲೆ ಗುಡಿ, ದರ್ಶಿನಿ, ಬ್ಲ್ಯಾಕ್ ಸ್ಪಾಟ್ ಎಂದು ಕರೆಸಿಕೊಳ್ಳುವ ಕಸದ ಮೂಲೆ ಮೂರೂ ಬೇಕೇ ಬೇಕು. ಮೊದಲೆರಡಕ್ಕೆ ದುಡ್ಡು ಸುರಿಯಬೇಕು, ಮೂರನೆಯದಕ್ಕೆ ಕಸ ಸುರಿದರಾಯಿತು. ಆದರೂ ವಿಧಿ ತಿಳಿಯದೆ ಕೆಲಸ ಕೆಡಿಸಿಕೊಳ್ಳುವವರಿದ್ದಾರೆ. ಅವರಿಗಾಗಿ ಈ ಕೈಪಿಡಿ.

ಮೊದಲು ಜಾಗ. ಯಾರ ಮನೆ ಬಾಗಿಲೂ ಎದುರಾಗದ ತಿರುವು ಶ್ರೇಷ್ಠ: ಖಾಲಿ ಸೈಟು, ಟ್ರಾನ್ಸ್‌ಫಾರ್ಮರ್ ಬುಡ, ಸರ್ಕಾರಿ ಶಾಲೆಯ ಹಿಂದಿನ ಗೋಡೆ. ಬೀದಿದೀಪ ಕೆಟ್ಟಿದ್ದರಂತೂ ರಾಜಯೋಗ. ಅಂಗಡಿ ಮುಂದೆ ಬೇಡ. ಬೆಳಗ್ಗೆ ಶಟರ್ ಎತ್ತಿದವನೇ ಗುಡಿಸಿ, ನೀರು ಚಿಮುಕಿಸಿ, ನಿಮ್ಮ ಶ್ರಮವನ್ನೆಲ್ಲ ಹಾಳು ಮಾಡುತ್ತಾನೆ.

ಹಸಿ ಕಸ, ಒಣ ಕಸ ಬೇರೆ ಮಾಡುವ ಚಾಳಿ ಇಲ್ಲಿ ಸಲ್ಲದು. ಅನ್ನ ಸಾರು ಸೇರಿದ್ದರೇ ನಾಯಿ ಕವರ್ ಹರಿಯುವುದು, ಹರಿದರೇ ಹರಡುವುದು, ಹರಡಿದರೇ ನಾಲ್ಕು ಜನರ ಕಣ್ಣಿಗೆ ಬೀಳುವುದು. ಆಟೋ ಟಿಪ್ಪರ್ ಹೋದ ಮೇಲೆಯೇ ಮನೆಯಿಂದ ಹೊರಡಿ. ಕವರನ್ನು ಸ್ಕೂಟರಿನ ಹುಕ್ಕಿಗೆ ನೇತುಹಾಕಿ, ತಿರುವಿನಲ್ಲಿ ಕಾಲು ಊರದೆ, ಎಡಗೈಯಿಂದ ಬೀಸಿ. ಗಂಟು ಸಡಿಲವಾಗಿರಲಿ.

ಹೊಸಬರು ಎಡವುವುದು ಇಲ್ಲೇ: ಒಂದೇ ಕವರ್ ಎಸೆದು ಕೈತೊಳೆದುಕೊಳ್ಳುತ್ತಾರೆ. ಒಂಟಿ ಕವರ್ ಗಂಡಾಂತರದ್ದು. ಶುಭ್ರವಾದ ಜಾಗದಲ್ಲಿ ಒಂದೇ ಒಂದು ಕಸ ಬಿದ್ದಿದ್ದರೆ ನೋಡುವವರಿಗೆ ಜಾಗದ ಶುಭ್ರತೆಯೇ ಎದ್ದು ಕಂಡು ಕೈ ಹಿಂಜರಿಯುತ್ತದೆ ಎಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು 1990ರಲ್ಲೇ ತೋರಿಸಿಕೊಟ್ಟಿದ್ದಾರೆ. ಹಾಗಾಗಿ ಒಂದೇ ರಾತ್ರಿ ಮೂರು ಕವರ್ ಇಡಿ. ಮೂರಕ್ಕೂ ಬೇರೆ ಬೇರೆ ಬಣ್ಣ ಇರಲಿ, ಮೂರು ಮನೆಯವರು ಹಾಕಿದ ಹಾಗೆ ಕಾಣಬೇಕು. ಮೂರೇ ಏಕೆ? 1950ರ ದಶಕದಲ್ಲಿ ಸಾಲೊಮನ್ ಆಶ್ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಗೆರೆಗಳ ಉದ್ದ ಹೋಲಿಸುವ ಪರೀಕ್ಷೆ ಇಟ್ಟಾಗ, ಕಣ್ಣೆದುರಿನ ಗೆರೆಯ ಬಗ್ಗೆ ಬೇಕೆಂದೇ ತಪ್ಪು ಹೇಳುವ ಮೂವರಿದ್ದರೆ ಸಾಕಾಗಿತ್ತು, ಪರೀಕ್ಷೆಗೆ ಕೂತ ಪಾಪದವನು ಸುಮಾರು ಮೂರರಲ್ಲಿ ಒಂದು ಸಲ ತಾನೂ ತಪ್ಪನ್ನೇ ಹೇಳುತ್ತಿದ್ದ. ಅದಕ್ಕಿಂತ ಹೆಚ್ಚು ಜನ ಸೇರಿಸಿದರೂ ಲಾಭ ಅಷ್ಟಕ್ಕಷ್ಟೆ. ನಾಲ್ಕನೇ ಕವರ್ ದುಂದುವೆಚ್ಚ.

ಒಂದು ವಾರದೊಳಗೆ ಎಳನೀರು ಬುರುಡೆ, ಹರಿದ ಹಾಸಿಗೆ, ಒಡೆದ ಕಮೋಡು ತಾವಾಗಿಯೇ ಬರುತ್ತವೆ. ಕೇಳಿದರೆ ಸಿಗುವ ಉತ್ತರ ಒಂದೇ, “ಎಲ್ರೂ ಇಲ್ಲೇ ಹಾಕ್ತಾರಲ್ಲ ಸಾರ್!” ಈ ಮಾತು ಕಿವಿಗೆ ಬಿತ್ತೆಂದರೆ ಪ್ರಾಣಪ್ರತಿಷ್ಠೆ ಮುಗಿಯಿತು.

ಮುಂದಿನದು ಆಡಳಿತದ ಪಾಲು. ಅವರು ಬಂದು ‘ಇಲ್ಲಿ ಕಸ ಹಾಕಬಾರದು, ದಂಡ ವಿಧಿಸಲಾಗುವುದು’ ಎಂದು ಬೋರ್ಡ್ ನೆಡುತ್ತಾರೆ, ರಾಶಿಯನ್ನು ಹಾಗೇ ಬಿಡುತ್ತಾರೆ. ಎರಡೂ ಒಟ್ಟಿಗಿರಬೇಕಾದದ್ದು ಮುಖ್ಯ. ನೆದರ್ಲೆಂಡ್ಸಿನ ಗ್ರೋನಿಂಗನ್‌ನಲ್ಲಿ ‘ಗೋಡೆ ಮೇಲೆ ಗೀಚಬೇಡಿ’ ಎಂಬ ಫಲಕದ ಬಳಿ ನಿಲ್ಲಿಸಿದ್ದ ಸೈಕಲ್ಲುಗಳ ಹ್ಯಾಂಡಲ್ಲಿಗೆ ಸಂಶೋಧಕರು ಕರಪತ್ರ ಸಿಕ್ಕಿಸಿದರು. ಗೋಡೆ ಶುಭ್ರವಾಗಿದ್ದಾಗ ಅದನ್ನು ಬೀದಿಗೆ ಬಿಸಾಕಿದವರು ಶೇ. 33. ಗೋಡೆ ತುಂಬ ಗೀಚಿದ್ದಾಗ ಶೇ. 69. ಫಲಕ ಎರಡು ಸಲವೂ ಅಲ್ಲೇ ಇತ್ತು. ಅಮೆರಿಕದ ಅರಿಜೋನಾದಲ್ಲಿ ಕಲ್ಲಾಗಿ ಹೋದ ಪುರಾತನ ಮರಗಳ ಉದ್ಯಾನದಲ್ಲಿ ‘ಹಿಂದೆ ಬಂದ ಬಹಳ ಮಂದಿ ತುಂಡುಗಳನ್ನು ಒಯ್ದಿದ್ದಾರೆ’ ಎಂದು ಮರುಗುವ ಫಲಕವಿಟ್ಟಾಗ ಸುಮಾರು ಶೇ. 8ರಷ್ಟು ತುಂಡು ಮಾಯವಾಯಿತು. ಬರೀ ‘ಒಯ್ಯಬೇಡಿ’ ಎಂದಾಗ ಶೇ. 2 ಕೂಡ ಇಲ್ಲ. ನಮ್ಮ ಬೋರ್ಡ್ ಬರೆಯುವವರು ಇದನ್ನು ಗಮನಿಸಬೇಕು. ‘ನಗರದ ಬಹುತೇಕರು ಹೀಗೇ ಮಾಡುತ್ತಿರುವುದು ವಿಷಾದನೀಯ’ ಎಂದು ಸೇರಿಸಿದರೆ ಫಸಲು ಇನ್ನೂ ಹುಲುಸು.

2025ರ ಅಕ್ಟೋಬರಿನಲ್ಲಂತೂ ಕಸ ಎಸೆದವರ ಮನೆ ಮುಂದೆ ‘ಕಸ ಸುರಿಯುವ ಹಬ್ಬ’ವನ್ನೇ ನಗರಾಡಳಿತ ಆಚರಿಸಿತು. ಬೀದಿಗೆ ಕಸ ಸುರಿಯಬಾರದೆಂದು ಬೀದಿಗೆ ಕಸ ಸುರಿದೇ ಪಾಠ ಹೇಳುವ ಮೇಷ್ಟರು ನಮಗಲ್ಲದೆ ಇನ್ಯಾರಿಗೆ ಸಿಕ್ಕಾರು?

ದೇವರ ಚಿತ್ರದ ಟೈಲ್ಸ್‌ಗೆ ಹೆದರಬೇಕಿಲ್ಲ. ಟೈಲ್ಸ್ ಇದ್ದಷ್ಟು ಅಗಲ ಬಿಟ್ಟು ನಾಲ್ಕು ಅಡಿ ಎಡಕ್ಕೆ ಸರಿದರೆ ಭಕ್ತಿಗೂ ಚ್ಯುತಿಯಿಲ್ಲ. ಲಾರಿ ಬಂದು ರಾಶಿ ಎತ್ತಿದರೂ ಚಿಂತೆ ಬೇಡ. ನೆಲದ ಕಪ್ಪು ಕಲೆ, ನಾಲ್ಕು ಕವರ್ ಚೂರು ಉಳಿದೇ ಉಳಿಯುತ್ತವೆ. ಮಾರನೆಯ ದಿನದ ಗಿರಾಕಿಗೆ ಅಷ್ಟು ಗುರುತು ಸಾಕು.

ನಿಜವಾದ ಅಪಾಯ ಬೇರೆ ಕಡೆಯಿಂದ. ಆಶ್ ಪರೀಕ್ಷೆಯಲ್ಲೂ ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳಿದ್ದೇ ತಡ, ಹಿಂಬಾಲಕರ ಲೆಕ್ಕ ಪಾತಾಳಕ್ಕಿಳಿದಿತ್ತು. ‘ಅಗ್ಲಿ ಇಂಡಿಯನ್’ ಎಂಬ ಅನಾಮಿಕರ ಗುಂಪು ಬೋರ್ಡಿನ ಗೊಡವೆಗೇ ಹೋಗದೆ ನೆಲ ಕೆರೆದು, ಗೋಡೆಯ ಬುಡಕ್ಕೆ ಕಾವಿ ಬಣ್ಣ ಬಳಿದು, ಹೂಕುಂಡ ಇಟ್ಟು ಹೋಗುತ್ತದೆ. ಬಣ್ಣ ಒಣಗುವುದರೊಳಗೆ ಅಲ್ಲಿ ಯಾರಾದರೂ ಹಿರಿಯರು ಪೇಪರ್ ಹಿಡಿದು ಕೂತರೆ ನಿಮ್ಮ ಮೂಲೆ ಕೈಬಿಟ್ಟ ಹಾಗೆಯೇ. ತಡಮಾಡದೆ ವಾರ್ಡ್ ಕಚೇರಿಗೆ ಅರ್ಜಿ ಬರೆದು, ಅಲ್ಲಿಗೆ ಇನ್ನೊಂದು ಎಚ್ಚರಿಕೆ ಬೋರ್ಡ್ ಮಂಜೂರು ಮಾಡಿಸಿಕೊಳ್ಳಿ.