ಟೈರಿಗೆ ಕಲ್ಲು ಇಡುವ ಹಕ್ಕು

ನಮ್ಮೂರಿಗೆ ಬರುತ್ತಿದ್ದ ಬಸ್ಸುಗಳಿಗೆಲ್ಲ ಹೆಸರಿತ್ತು. ಎಂಟೂಕಾಲಿನ ಬಸ್ಸು, ಶಾಲೆ ಬಸ್ಸು, ವಸ್ತಿ ಬಸ್ಸು. ಎಂಟೂಕಾಲಿನ ಬಸ್ಸು ಎಂಟೂಕಾಲಿಗೆ ಬಂದಿದ್ದನ್ನು ನಾನಂತೂ ಕಂಡಿಲ್ಲ. ಒಂಬತ್ತಕ್ಕೆ ಬಂದರೂ ಅದು ಎಂಟೂಕಾಲಿನ ಬಸ್ಸೇ.

ಶಿರಸಿಯಿಂದ 20 ಕಿಲೋಮೀಟರ್ ಆಚೆ, ಅಡಿಕೆ ತೋಟಗಳ ನಡುವೆ ಹದಿನೈದು ಮನೆಯ ಊರು ನಮ್ಮದು. 1990ರ ದಶಕದ ಮಾತು. ಡಾಂಬರು ಮೂರು ಕಿಲೋಮೀಟರ್ ಹಿಂದೆಯೇ ಮುಗಿಯುತ್ತಿತ್ತು. ಅಲ್ಲಿಂದ ಕೆಂಪು ಮಣ್ಣಿನ ರಸ್ತೆ. ವಸ್ತಿ ಬಸ್ಸು ಅಂದರೆ ರಾತ್ರಿ ಊರಲ್ಲೇ ಉಳಿದು ಬೆಳಿಗ್ಗೆ ಆರೂವರೆಗೆ ಶಿರಸಿಗೆ ಹೊರಡುವ ಬಸ್ಸು. ಕತ್ತಲಾದ ಮೇಲೆ ಹೊಳೆಯಾಚೆಯ ಏರಿನಲ್ಲಿ ಅದರ ಗೇರು ಬದಲಾಗುವ ಸದ್ದು ಕೇಳುತ್ತಿತ್ತು. ಆಯಿ, ಅಂದರೆ ಅಮ್ಮ, ಒಲೆಯ ಮುಂದಿಂದಲೇ ಕೂಗುತ್ತಿದ್ದಳು: "ತಮಾ, ಬಸ್ ಬಂತು ಕಾಣ್ತು, ಕೈಕಾಲು ತೊಳ್ಕಂಡು ಬಾ." ಗಡಿಯಾರ ಇತ್ತು. ಆದರೆ ಊಟದ ಹೊತ್ತು ಹೇಳುತ್ತಿದ್ದದ್ದು ಬಸ್ಸು.

ನಾನು ಕೈಕಾಲು ತೊಳೆಯಲು ಹೋಗುತ್ತಿರಲಿಲ್ಲ. ಓಡುತ್ತಿದ್ದೆ. ಯಾಕೆಂದರೆ ಕಲ್ಲು ಇಡಬೇಕಿತ್ತು.

ಬಸ್ಸನ್ನು ಶಾಲೆಯ ಪಕ್ಕದ ಇಳಿಜಾರಿನಲ್ಲಿ ನಿಲ್ಲಿಸುತ್ತಿದ್ದರು. ಬೆಳಗಿನ ಚಳಿಯಲ್ಲಿ ಎಂಜಿನ್ ಸ್ಟಾರ್ಟ್ ಆಗದಿದ್ದರೆ ಉರುಳಿಸಿಯಾದರೂ ಸ್ಟಾರ್ಟ್ ಮಾಡಬಹುದಲ್ವಾ, ಅದಕ್ಕೆ. ಮುಂದಿನ ಟೈರಿಗೆ ಅಡ್ಡವಾಗಿ ಒಂದು ಕಲ್ಲು ಇಡಬೇಕಿತ್ತು. ಬೂದು ಬಣ್ಣದ, ಒಂದು ಬದಿ ಸವೆದ ಕಲ್ಲು. ಅದನ್ನು ಎತ್ತಿ ಇಡುವುದು ಮಕ್ಕಳ ಹಕ್ಕು. ಮೊದಲು ಬಂದವನಿಗೆ. ನನಗೂ ಎದುರು ಮನೆಯ ಮಾಣಿಗೂ ಇದಕ್ಕಾಗಿ ಆದ ಹೊಡೆದಾಟ ಲೆಕ್ಕವಿಲ್ಲ. ಒಮ್ಮೆ ಇಬ್ಬರೂ ಎಳೆದಾಡಿ ಕಲ್ಲು ನನ್ನ ಕಾಲಿನ ಮೇಲೇ ಬಿತ್ತು. ಹೆಬ್ಬೆರಳಿನ ಉಗುರು ಈಗಲೂ ಸೊಟ್ಟಗೇ ಇದೆ.

ಡ್ರೈವರ್, ಕಂಡಕ್ಟರ್ ಹೆಚ್ಚಿನವರು ಗದಗ, ಹಾವೇರಿ ಕಡೆಯವರು. ಮಳೆಗಾಲದಲ್ಲಿ ನಮ್ಮೂರಿಗೆ ಡ್ಯೂಟಿ ಬಿದ್ದರೆ ಅವರಿಗೆ ಶಿಕ್ಷೆ ಇದ್ದ ಹಾಗೆ. ರಕ್ತ ಹೀರುವ ಉಂಬಳ ಹತ್ತುತ್ತದೆ, ಬಟ್ಟೆ ಒಣಗುವುದಿಲ್ಲ, ಕರೆಂಟು ವಾರಗಟ್ಟಲೆ ಇರುವುದಿಲ್ಲ. ಗದಗಿನ ಒಬ್ಬ ಕಂಡಕ್ಟರ್ ಹೊಸದಾಗಿ ಬಂದಾಗ ಆಯಿ ಕೇಳಿದಳು, "ಆಸರಿಗೆ ಎಂತ ಕೊಡ್ಲಿ?" ಕುಡಿಯಲು ಏನು ಬೇಕು ಅಂತ ಅವಳ ಅರ್ಥ. ಆತ ಪಾಪ ಕೈ ಮುಗಿದು, "ಆಸರಾ ಏನ್ ಬ್ಯಾಡ್ರಿ ಅವ್ವಾರ, ನಾವು ಬಸ್ಸಿನ್ಯಾಗ ಮಲ್ಕೋತೀವ್ರಿ" ಅಂದ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಆರು ತಿಂಗಳಾದ ಮೇಲೆ ಅದೇ ಮನುಷ್ಯ ಜಗುಲಿಗೆ ಬಂದು ಕೂತು, "ಅವ್ವಾರ, ಆಸರಿಗೆ ಮಜ್ಜಿಗಿ ಐತೇನ್ರಿ?" ಅಂತ ಕೇಳುತ್ತಿದ್ದ.

ಫೋನು ಇಲ್ಲದ ಊರಿಗೆ ಅವನೇ ಎಲ್ಲ. ಅಜ್ಜನ ಮಾತ್ರೆ, ದನದ ಹಿಂಡಿ, ಹಿಂದಿನ ದಿನದ ಪೇಪರು, ಪಂಪಿನ ವಾಶರು. ಸಾವಿನ ಸುದ್ದಿಯೂ ಅವನ ಬಾಯಿಂದಲೇ ಬರುತ್ತಿತ್ತು. ಅಂಥ ದಿನ ಬಸ್ಸು ನಿಂತ ಮೇಲೂ ಅವನು ಕೂಡಲೇ ಇಳಿಯುತ್ತಿರಲಿಲ್ಲ. ಮೊದಲು ಯಾರಾದರೂ ಹಿರಿಯರನ್ನು ಹತ್ತಿರ ಕರೆಯುತ್ತಿದ್ದ. ಬೆಳಿಗ್ಗೆ ಹೊರಡುವ ಮೊದಲು ಮೂರು ಸಲ ಹಾರ್ನ್. ತೋಟದಾಚೆಯಿಂದ ಯಾರೋ ಅಜ್ಜಿ ಸೀರೆ ಎತ್ತಿಕೊಂಡು ಬರುತ್ತಿದ್ದರೆ ಬಸ್ಸು ಕಾಯುತ್ತಿತ್ತು. ಇದನ್ನು ಈಗಿನ ಮಕ್ಕಳಿಗೆ ಹೇಳಿದರೆ ಕಟ್ಟುಕತೆ ಅನ್ನುತ್ತಾರೆ.

ನಂಬರ್ ಪ್ಲೇಟ್ ಓದುವ ಹುಚ್ಚು ಹಿಡಿದಿದ್ದು ಆಮೇಲೆ, ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ. ಕೆಎ 31 ಎಫ್ ಅಂದರೆ ನಮ್ಮ ಬಸ್ಸು. 25 ಧಾರವಾಡದ್ದು, 22 ಬೆಳಗಾವಿಯದು, 27 ಹಾವೇರಿಯದು. 1997ರ ನವೆಂಬರ್ 1ರಿಂದ ನಮ್ಮ ಕಡೆ ಕೆಎಸ್‌ಆರ್‌ಟಿಸಿ ಹೋಗಿ ವಾಯವ್ಯ ಸಾರಿಗೆ ಬಂತು. ಬಸ್ಸಿನ ಬದಿಯ ಅಕ್ಷರ ಬದಲಾಯಿತು. ನಮ್ಮ ಅಪ್ಪ ಇವತ್ತಿಗೂ ಕೆಎಸ್‌ಆರ್‌ಟಿಸಿ ಅಂತಲೇ ಹೇಳುವುದು.

ಎರಡನೇ ಇಷ್ಟದ ಬಸ್ಸು ಶಿರಸಿ–ಕುಮಟಾ. ಅಜ್ಜನ ಮನೆ ಗೋಕರ್ಣದ ಹತ್ತಿರ. ರಜೆ ಬಂದರೆ ದೇವಿಮನೆ ಘಟ್ಟ ಇಳಿಯಲೇಬೇಕು. ರಾಗಿಹೊಸಳ್ಳಿ ದಾಟುವ ಮೊದಲೇ ಆಯಿ ಲಿಂಬೆಹಣ್ಣು ಕೈಗೆ ಕೊಡುತ್ತಿದ್ದಳು. ಮೂಸುತ್ತ ಕೂರಬೇಕು. ಮೂಸಿದರೂ ವಾಂತಿ ತಪ್ಪುತ್ತಿರಲಿಲ್ಲ. ದೇವಿಮನೆಯ ಗುಡಿಯ ಹತ್ತಿರ ಡ್ರೈವರ್ ಬಸ್ಸು ನಿಧಾನ ಮಾಡಿ ಕೈ ಮುಗಿಯುತ್ತಿದ್ದ. ಕಿಟಕಿಗಳಿಂದ ಚಿಲ್ಲರೆ ಹಾರುತ್ತಿತ್ತು. ಆಮೇಲೆ ತಿರುವು, ಮತ್ತೆ ತಿರುವು. ಕತಗಾಲ ಬಂದರೆ ಗಾಳಿಯೇ ಬೇರೆ. ಸೆಕೆ ಮೈಗೆ ಅಂಟುತ್ತಿತ್ತು. ದೀವಗಿಯಲ್ಲಿ ಹೆದ್ದಾರಿ ಸೇರಿ ಬಸ್ಸು ಎಡಕ್ಕೆ ತಿರುಗಿದರೆ ಹೊಟ್ಟೆ ತಾನಾಗಿ ಸರಿಯಾಗುತ್ತಿತ್ತು.

ಒಂದು ಸಲ ಅಜ್ಜನ ಮನೆಗೆ ಅಂತ ಜೋನಿಬೆಲ್ಲದ, ಅಂದರೆ ನೀರುಬೆಲ್ಲದ, ಡಬ್ಬಿ ಸೀಟಿನ ಕೆಳಗೆ ಇಟ್ಟಿದ್ದೆವು. ಘಟ್ಟದ ನಡುವೆ ಮುಚ್ಚಳ ಹಾರಿತು. ಬೆಲ್ಲ ನಿಧಾನಕ್ಕೆ, ಯಾವ ಅವಸರವೂ ಇಲ್ಲದೆ, ಮುಂದಿನ ಸೀಟುಗಳ ಕಡೆಗೆ ಹೊರಟಿತು. ಪ್ರತಿ ತಿರುವಿಗೂ ದಿಕ್ಕು ಬದಲಿಸುತ್ತಿತ್ತು. ಜನರ ಚಪ್ಪಲಿ ನೆಲಕ್ಕೆ ಅಂಟಿಕೊಂಡವು. ಆಯಿ ಕುಮಟಾ ಬರುವವರೆಗೂ ಕಿಟಕಿಯ ಹೊರಗೇ ನೋಡುತ್ತ ಕೂತಿದ್ದಳು, ಡಬ್ಬಿ ಯಾರದ್ದೋ ಅನ್ನುವ ಹಾಗೆ.

ಇನ್ನೊಂದು ಬಸ್ಸಿನಲ್ಲಿ ನಾನು ಕೂತಿದ್ದು ಒಂದೇ ಸಲ. ಕಾರವಾರದಲ್ಲಿ ಮಾವ ಇದ್ದರು. ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಗೋವಾ ಸರ್ಕಾರದ ಬಸ್ಸು ನೋಡಿದೆ. ಹೆಸರು ಕದಂಬ. ನನಗೆ ತಲೆಬುಡ ತಿಳಿಯಲಿಲ್ಲ. ಕದಂಬರ ರಾಜಧಾನಿ ಬನವಾಸಿ, ನಮ್ಮ ಶಿರಸಿ ತಾಲೂಕಿನಲ್ಲೇ ಇದೆ. ಶಾಲೆಯಲ್ಲಿ ಮಯೂರ ಶರ್ಮನ ಪಾಠ ಬೇರೆ ಆಗಿತ್ತು. ಹಾಗಾದರೆ ನಮ್ಮ ರಾಜರು ಗೋವಾದಲ್ಲಿ ಯಾಕೆ ಬಸ್ ಓಡಿಸುತ್ತಿದ್ದಾರೆ? ಮಾವ ನಕ್ಕು, ಗೋವಾವನ್ನು ಆಳಿದ ಕದಂಬರ ಇನ್ನೊಂದು ಮನೆತನವೂ ಇತ್ತು ಅಂತ ಹೇಳಿದರು. ಆಮೇಲೆ ಅದೇ ಬಸ್ಸು ಹತ್ತಿಸಿ ಮಡಗಾವಿಗೆ ಕರೆದುಕೊಂಡು ಹೋದರು. ಕೋಡಿಬಾಗ ದಾಟಿ ಕಾಳಿ ಸೇತುವೆಯ ಮೇಲೆ ಬಂದಾಗ ಒಂದು ಬದಿ ಹೊಳೆ, ಇನ್ನೊಂದು ಬದಿ ಸಮುದ್ರ. ಎದುರಿಗೆ ಸದಾಶಿವಗಡ. ಯಾವ ಕಿಟಕಿಗೆ ಓಡಲಿ ಅಂತ ಗೊತ್ತಾಗಲಿಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಆ ಹಳೆ ಸೇತುವೆ ಕುಸಿದು ಒಂದು ಲಾರಿ ಹೊಳೆಗೆ ಬಿತ್ತು. ಟಿವಿಯಲ್ಲಿ ಅದನ್ನು ನೋಡುವಾಗ ನನ್ನ ಕಣ್ಣ ಮುಂದೆ ಬಂದಿದ್ದು ಆ ಕದಂಬ ಬಸ್ಸು.

ಈಗ ಸ್ವಲ್ಪ ಕಹಿ ಮಾತು. ನನ್ನ ವಯಸ್ಸಿನವರು ಹಳೆ ಬಸ್ಸಿನ ಬಗ್ಗೆ ಮಾತಾಡುವಾಗ ಒಂದು ವಿಷಯವನ್ನು ಸುಮ್ನೆ ದಾಟಿಸಿಬಿಡುತ್ತೇವೆ. ನಮ್ಮೂರಿನ ವಸ್ತಿ ಬಸ್ಸು ನಿಂತು ಹನ್ನೆರಡು ವರ್ಷವಾಯಿತು. ಜನ ಇಲ್ಲ, ಡೀಸೆಲ್ ಖರ್ಚೂ ಹುಟ್ಟುವುದಿಲ್ಲ ಅನ್ನುವುದು ಕಾರಣ. ನಾವು ಮನವಿ ಬರೆದೆವು, ಸಹಿ ಹಾಕಿದೆವು. ಆ ಸಹಿ ಹಾಕಲು ಎಷ್ಟು ಜನ ಬೈಕು, ಕಾರಿನಲ್ಲಿ ಬಂದಿದ್ದರು ಅಂತ ನಾನು ಆವತ್ತೇ ಎಣಿಸಿದ್ದೆ. ಒಬ್ಬರನ್ನು ಬಿಟ್ಟು ಎಲ್ಲರೂ. ಆ ಒಬ್ಬರು ಪಕ್ಕದ ಮನೆಯವರು, ನಡೆದು ಬಂದಿದ್ದರು. ಬಸ್ಸು ನಮಗೆ ಬೇಕಿದ್ದದ್ದು ನೆನಪಿಗೆ. ಹತ್ತುವುದಕ್ಕೆ ಬೇಕಿದ್ದದ್ದು ಮನೆಯಲ್ಲಿ ಉಳಿದ ಮುದುಕ ಮುದುಕಿಯರಿಗೆ.

ಶಕ್ತಿ ಯೋಜನೆ ಬಂದಾಗಲೂ ಅಷ್ಟೇ. 2023ರ ಜೂನ್ 11ರಿಂದ ಹೆಂಗಸರಿಗೆ ಟಿಕೆಟ್ ಇಲ್ಲ. ನಮ್ಮ ಕಡೆಯ ಗಂಡಸರು ಮದುವೆ ಮನೆಯಲ್ಲಿ ಕೂತು, ಬಸ್ಸಲ್ಲಿ ಕಾಲಿಡಲು ಜಾಗವಿಲ್ಲ, ಎಲ್ಲ ಹಾಳಾಯಿತು ಅಂತ ಮಾತಾಡುತ್ತಾರೆ. ಬಸ್ಸು ಹತ್ತಿ ಎಷ್ಟು ವರ್ಷವಾಯಿತು ಅಂತ ಕೇಳಿದರೆ ಉತ್ತರವಿಲ್ಲ. ನನ್ನ ಆಯಿಗೆ ಎಪ್ಪತ್ತು ದಾಟಿದೆ. ಅಪ್ಪನ ಹತ್ತಿರ ದುಡ್ಡು ಕೇಳದೆ ಅವಳು ತವರಿಗೆ ಹೋಗಿ ಬಂದಿದ್ದು ಜೀವನದಲ್ಲಿ ಅದೇ ಮೊದಲು. ಆಧಾರ್ ಕಾರ್ಡು ಕವರಿನಲ್ಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು. ನೂಕುನುಗ್ಗಲಿನಲ್ಲಿ ಶಿರಸಿಯಿಂದ ಕತಗಾಲದವರೆಗೂ ನಿಂತೇ ಇದ್ದಳಂತೆ. ಅದನ್ನು ಹೇಳುವಾಗ ಮುಖದಲ್ಲಿ ಬೇಜಾರು ಇರಲಿಲ್ಲ, ಜಂಬ ಇತ್ತು. ಆದರೆ ಆ ಪುಕ್ಕಟೆ ಬಸ್ಸು ಹಿಡಿಯಲು ಅವಳು ಮೊದಲು ಮೂರು ಕಿಲೋಮೀಟರ್ ನಡೆಯಬೇಕು. ಅದೇ ಹಳೆ ಮಣ್ಣಿನ ರಸ್ತೆಯ ಮೂರು ಕಿಲೋಮೀಟರ್. ಈಗ ಅಲ್ಲಿ ಡಾಂಬರಿದೆ, ಬಸ್ಸಿಲ್ಲ.

ನಾನು ಕಾರು ತಗೊಂಡು ಒಂಬತ್ತು ವರ್ಷವಾಯಿತು. ಊರಿಗೆ ಹೋದರೆ ಶಾಲೆಯ ಪಕ್ಕದ ಆ ಇಳಿಜಾರಿನಲ್ಲೇ ನಿಲ್ಲಿಸುವುದು, ಬೇರೆ ಸಮ ಜಾಗ ಇಲ್ಲ. ಹ್ಯಾಂಡ್‌ಬ್ರೇಕ್ ಮೇಲೆ ನನಗೆ ನಂಬಿಕೆ ಕಡಿಮೆ. ಆ ಬೂದು ಕಲ್ಲು ಇನ್ನೂ ಅಲ್ಲೇ ಬಿದ್ದಿದೆ, ಅರ್ಧ ಹುಲ್ಲಿನಲ್ಲಿ ಮುಚ್ಚಿಹೋಗಿ. ಇಳಿದು, ಬಗ್ಗಿ, ಅದನ್ನು ಎತ್ತಿ ಟೈರಿಗೆ ಇಡುತ್ತೇನೆ. ಈಗ ಅದಕ್ಕಾಗಿ ನನ್ನ ಜೊತೆ ಯಾರೂ ಜಗಳಕ್ಕೆ ಬರುವುದಿಲ್ಲ.